ಕಬ್ಬಾಳಿನಿಂದ ಲಾವೋಸಿಗೆ ಮೂರು ಟಿಕೆಟ್

ಕಬ್ಬಾಳು
5 ಅಕ್ಟೋಬರ್ 2025

ರಾಮನಗರದ ರೇಷ್ಮೆ ಸೀಮೆಯ ಪಟ್ಟದರಸಿ, ಗೂಡಿನಿಂದ ನೂಲು ಬಿಚ್ಚೋ ಆರು ಕುದಿನೀರಿನ ಬೇಸನ್ನುಗಳ ಒಡತಿ, ಕನಕಪುರ ಹೈಸ್ಕೂಲಿನ ಮೂರನೇ ಬೆಂಚಿನಲ್ಲಿ ನನ್ನ ಅರ್ಧ ಜಾಗ ಕಬಳಿಸಿದ ಶ್ರೀಮತಿ ಜಹೀದಾ ಅವರ ಸನ್ನಿಧಾನಕ್ಕೆ ರೇವಮ್ಮ ಮಾಡುವ ವಿಜ್ಞಾಪನೆ ಏನೆಂದರೆ,

ಬಂತು ಕಣೇ! ಪಾಸ್‌ಪೋರ್ಟು ಬಂತು! ಪೋಸ್ಟಿನವನು ಸೈಕಲ್ಲಿಂದ ಇಳಿಯೋಕೆ ಮುಂಚೇನೇ ಕಿತ್ಕೊಂಡೆ. ಫೋಟೋದಲ್ಲಿ ನಾನು ಗಡಿಪಾರಾದ ರಾಣಿ ಥರ ಕಾಣ್ತೀನಿ. ಹೋದ ತಿಂಗಳು ಪೊಲೀಸಿನವರು ವಿಚಾರಣೆಗೆ ಬಂದು, "ಈ ವಯಸ್ಸಲ್ಲಿ ಯಾಕಮ್ಮ ಫಾರಿನ್ನು?" ಅಂದಿದ್ದರು. ಸೆರಗು ಕೊಡವಿ ಎದ್ದು ನಿಂತೆ. "ಸ್ವಾಮೀ! ಮೂವತ್ತು ವರ್ಷ ಹುಳದ ಬಾಯಿಗೆ ಸೊಪ್ಪು ಹಾಕಿದ್ದೀನಿ. ಒಂದು ಸಲ ನನ್ನ ಕಣ್ಣಿಗೂ ಒಂದು ತುತ್ತು ಹಾಕ್ಕೋಬೇಕು!" ಅಂದೆ. ಎದುರುಮನೆ ಕೋಳಿಗಳು ಬೆದರಿ ಗೂಡು ಸೇರಿದವು. ಪೊಲೀಸಪ್ಪ ತೆಪ್ಪಗೆ ಸಹಿ ಹಾಕಿಸಿಕೊಂಡು ಹೋದ.

ಏನು ಮಾಡಲಿ, ನಮ್ಮಪ್ಪ ನಾಟಕದ ಮೇಷ್ಟ್ರು. ತೊಟ್ಟಿಲು ಕಟ್ಟಿದ್ದು ಹಾರ್ಮೋನಿಯಂ ಪಕ್ಕ. ಮೈಕಿಲ್ಲದ ಕಾಲದ ಗಂಟಲು ನಂದು. ಫೋನಲ್ಲಿ ನಿನಗೊಂದು ಗುಟ್ಟು ಹೇಳಿದರೆ ನಿನ್ನ ಮಗ ಅನೀಸನಿಗೂ ಕೇಳುತ್ತೆ, ಅವನ ಆರು ಕೆಲಸಗಾರರಿಗೂ ಕೇಳುತ್ತೆ. ಅದಕ್ಕೇ ಅಲ್ಲವೇ ಈ ಕಾಗದ, ರೇಷ್ಮೆಗೂಡಿನ ಗಾಡಿ ಓಡಿಸೋ ಮುನೇಶನ ಜೇಬು, ಮಾರ್ಕೆಟ್ಟಿನ ಬಾಗಿಲಲ್ಲಿ ನಿನ್ನ ಕೈ.

ಈಗ ಪ್ಲಾನು ಕೇಳು. ನಿನ್ನ ಹತ್ತಿರ ಇರೋ ನಮ್ಮ ಟೂರಿನ ನೋಟ್‌ಬುಕ್ಕಿನ ಹನ್ನೊಂದನೇ ಪುಟ ತೆಗಿ. ಪ್ಯಾಕೇಜ್ ಟೂರು ಬ್ಯಾಡವೇ ಬ್ಯಾಡ. ಬಾವುಟ ಹಿಡಿದವನ ಹಿಂದೆ ಕುರಿಮಂದೆ ಥರ ಹೋಗೋಕೆ ನಾವು ಇಷ್ಟು ವರ್ಷ ಕಾದೆವಾ? ಬೆಂಗಳೂರಿಂದ ಬ್ಯಾಂಕಾಕಿಗೆ ವಿಮಾನ, ತಲೆಗೆ ಏಳು ಕೆಜಿ ಬ್ಯಾಗು, ಅಷ್ಟೇ. ಅಲ್ಲಿಂದ ರೈಲು, ನೋಂಗ್‌ಖಾಯ್ ಅನ್ನೋ ಗಡಿಯೂರಿಗೆ. ಅಲ್ಲಿ ಮೆಕಾಂಗ್ ನದಿ, ನದಿ ಮೇಲೆ ಸೇತುವೆ, ಸೇತುವೆ ಆಚೆ ಲಾವೋಸು. ಆ ಸೇತುವೆಯನ್ನ ನಾವಿಬ್ಬರೂ ಕೈ ಹಿಡಿದು ನಡೆದು ದಾಟೋದು. ಒಂದು ಕಾಲು ಒಂದು ದೇಶದಲ್ಲಿ, ಇನ್ನೊಂದು ಕಾಲು ಇನ್ನೊಂದು ದೇಶದಲ್ಲಿ! ನಾನು ಸಸ್ಯಾಹಾರಿ, ನೀನು ಹಲಾಲು, ಇಬ್ಬರಿಗೂ ಹುರಿಹಿಟ್ಟು, ಚಟ್ನಿಪುಡಿ, ಬೆಲ್ಲ. ಮಲಗೋಕೆ ಹೆಂಗಸರ ಹಾಸ್ಟೆಲ್ಲು, ಒಂದರ ಮೇಲೊಂದು ಮಂಚ. ಮೇಲಿನ ಮಂಚ ನನ್ನದು.

ಕೊನೆಗೆ ಆ ಹೆಂಗಸಿನ ಮನೆ. ನಿನ್ನ ಫೋನಲ್ಲಿ ವಿಡಿಯೋ ನೋಡಿ ಇಬ್ಬರೂ ಬಾಯಿ ಬಿಟ್ಟೆವಲ್ಲ, ಅವಳು. ಹುಳ ಸಾಕೋಳೂ ಅವಳೇ, ಮಣ್ಣಿನ ಮಡಕೆಯಲ್ಲಿ ಗೂಡು ಬೇಯಿಸಿ ನೂಲು ತೆಗೆಯೋಳೂ ಅವಳೇ, ನೇಯೋಳೂ ಅವಳೇ. ಎಲ್ಲಾ ಒಂದೇ ಜಗಲಿ ಮೇಲೆ. ನಾನು ಸಾಕಿ ನಿನಗೆ ಕಳಿಸ್ತೀನಿ, ನೀನು ನೂಲು ಮಾಡಿ ಎಲ್ಲಿಗೋ ಕಳಿಸ್ತೀಯ, ಸೀರೆ ಹೆಂಗಾಯ್ತು ಅಂತ ಇಬ್ಬರೂ ಕಾಣೆವು. ಅವಳ ಮುಂದೆ ನಾವಿಬ್ಬರೂ ಒಟ್ಟಿಗೆ ಕೂತ್ಕೋಬೇಕು ಕಣೇ. ಅಷ್ಟೇ ನನ್ನಾಸೆ.

ಕೊನೇದಾಗಿ, ಮುನೇಶ ಏನೋ ಅಂದ. ನಿಮ್ಮ ಯೂನಿಟ್ಟಿನ ಮುಂದೆ ಸ್ಕೂಟರಿನವಳು ಒಬ್ಬಳು ಕೂತು ನಮ್ಮ ನೋಟ್‌ಬುಕ್ಕು ತಿರುವಿ ಹಾಕ್ತಿದ್ದಳಂತೆ. ನಮ್ಮ ನೋಟ್‌ಬುಕ್ಕು! ಯಾರವಳು?

ನಿನ್ನ ಬೆಂಚಿನ ಪಾಲುದಾರಳು,
ರೇವ


ರಾಮನಗರ
14 ಅಕ್ಟೋಬರ್ 2025

ರೇವಾ,

ನಿನ್ನ ಕಾಗದ ಓದಿದರೂ ಕಿವಿ ಗುಂಯ್ ಅನ್ನುತ್ತೆ. ಪಾಸ್‌ಪೋರ್ಟ್ ಬಂದಿದ್ದು ಖುಷಿ.

ಅವಳ ಹೆಸರು ಭಾನುಪ್ರಿಯ. ಚನ್ನಪಟ್ಟಣದಲ್ಲಿ ಬೊಂಬೆ ಅಂಗಡಿಯಲ್ಲಿ ಕೆಲಸ, ಹೊರದೇಶದ ಗಿರಾಕಿಗಳ ಜೊತೆ ಇಂಗ್ಲಿಷಲ್ಲಿ ಮಾತಾಡೋದು ಅವಳೇ. ಬಸ್ಸಲ್ಲಿ ಪರಿಚಯ. ಮೂವತ್ತನಾಲ್ಕು ವರ್ಷ, ಒಬ್ಬಳೇ ವಿಯೆಟ್ನಾಂ ಸುತ್ತಿ ಬಂದಿದ್ದಾಳೆ. ಆ ನೋಟ್‌ಬುಕ್ ನಾನೇ ಕೊಟ್ಟೆ. ತಪ್ಪೇನು? ನಮಗೆ ಗೊತ್ತಿಲ್ಲದ್ದು ಅವಳಿಗೆ ಗೊತ್ತು.

ಒಂದು ವಿಷಯ. ಆ ಸೇತುವೆ ಮೇಲೆ ನಡೆಯೋಕೆ ಬಿಡಲ್ಲವಂತೆ. ಬಸ್ಸಲ್ಲೇ ದಾಟಬೇಕು. ಭಾನು ಕೆಂಪು ಪೆನ್ನಲ್ಲಿ ತಿದ್ದಿದ್ದಾಳೆ. ಬೇಜಾರಾಗಬೇಡ.

ಅವಳೂ ಬರ್ತೀನಿ ಅಂತಾಳೆ. ಮೂರು ಜನ ಆದರೆ ಆಟೋ, ರೂಮು ಎಲ್ಲಾ ಸಲೀಸು. ಏನಂತೀಯ?

ಮುಖ್ಯವಾದ್ದು: ನಿನ್ನ ಹುಳದ ಮನೆ ಯಾವಾಗ ಖಾಲಿ? ಫೆಬ್ರವರಿಯಲ್ಲಿ ರಂಜಾನ್ ಶುರು, ಅದಕ್ಕೆ ಮುಂಚೆ ಹೋಗಿ ಬರಬೇಕು. ದಿನ ಸರಿಯಾಗಿ ಹೇಳು. ಅಗ್ಗದ ಟಿಕೆಟ್‌ಗೆ ಆಮೇಲೆ ತಾರೀಖು ಬದಲಾಯಿಸೋಕೆ ಆಗಲ್ಲ.

ಜಹೀದಾ


ಕಬ್ಬಾಳು
26 ಅಕ್ಟೋಬರ್ 2025

ಜಹೀದಾಳಿಗೆ,

ಇಲ್ಲಿ ಎಲ್ಲರೂ ಕ್ಷೇಮ, ನಾನೊಬ್ಬಳನ್ನು ಬಿಟ್ಟು.

ಕೆಂಪು ಪೆನ್ನು! ಆಹಾ! ಎರಡು ವರ್ಷ, ಹುಳಕ್ಕೆ ಸೊಪ್ಪು ಹಾಕಿ ಕೈ ತೊಳೆದು, ಹಸಿರು ವಾಸನೆ ಹೋಗೋಕೆ ಮುಂಚೆ ಬರೆದ ನೋಟ್‌ಬುಕ್ಕು ಅದು. ನಮ್ಮಪ್ಪ ನಾಟಕದ ಪುಸ್ತಕವನ್ನ ಪಾತ್ರಧಾರಿಗಳ ಕೈಗೂ ಕೊಡ್ತಿರಲಿಲ್ಲ. ನೀನು ಬಸ್ಸಲ್ಲಿ ಸಿಕ್ಕಿದವಳ ಕೈಗೆ ಕೊಟ್ಟೆ. ಅವಳು ತಿದ್ದಿದಳು. ಮೆಕಾಂಗಿನ ಮೇಲೆ ನಾನು ಇಡಬೇಕಿದ್ದ ಹೆಜ್ಜೆಗೆ ಕೆಂಪು ಗೀಟು ಎಳೆದಳು! ಸಭಾಸದರೇ, ಇದಕ್ಕಿಂತ ಅಪಮಾನ ಉಂಟೇ?

ಗೊತ್ತು, ಗೊತ್ತು. ನೀನು ಈಗ ಹಣೆ ಚಚ್ಕೋತಿದೀಯ. "ಶುರುವಾಯ್ತು ಇವಳ ನಾಟಕ" ಅಂತ. ಆಗಲಿ. ಇಂಗ್ಲಿಷು ಬಲ್ಲವಳಂತೆ. ಒಬ್ಬಳೇ ದೇಶ ಸುತ್ತಿದವಳಂತೆ. ಮೂವತ್ತನಾಲ್ಕಂತೆ! ನಾನು ನಿನ್ನ ನಿಕಾದ ದಿನ ಅಡುಗೆಮನೆ ಹೊಸ್ತಿಲಲ್ಲಿ ಕೂತು ಈರುಳ್ಳಿ ಹೆಚ್ಚುವಾಗ ಅವಳಿಗೆ ಹಾಲುಹಲ್ಲು. ನಿಮ್ಮೆಜಮಾನರು ತೀರಿಹೋದಾಗ ನಾಲ್ಕು ತಿಂಗಳು ಹತ್ತು ದಿನ ನೀನು ಮನೆ ಬಿಟ್ಟು ಹೊರಗೆ ಬರಲಿಲ್ಲ. ವಾರವಾರ ಬಸ್ಸು ಬದಲಾಯಿಸಿಕೊಂಡು ಬಂದು ನಿನ್ನೆದುರು ಕೂತೋಳು ಯಾರೇ? ಆಗೇನೂ ಇಂಗ್ಲಿಷು ಬೇಕಾಗಿರಲಿಲ್ಲ.

ಅವಳ ಜೊತೆ ಆಟೋ ಸಲೀಸಂತೆ. ನಾನೂ ನೀನೂ ಹೋದರೆ ಆಟೋ ಮಗುಚುತ್ತಾ?

ಕೇಳಿದ್ದಕ್ಕೆ ಉತ್ತರ: ಈ ಸಲದ ಗೂಡು ಡಿಸೆಂಬರ್ ಕೊನೆಗೆ ಮಾರ್ಕೆಟ್ಟಿಗೆ. ಆಮೇಲೆ ಹುಳದ ಮನೆ ತೊಳೆದು, ಸುಣ್ಣ ಬಳಿದು, ಬಾಗಿಲು ಹಾಕ್ತೀವಿ. ಸಂಕ್ರಾಂತಿ ಆದ ಮೇಲೆ ಜನವರಿ ಪೂರ್ತಿ ಖಾಲಿ. ಫೆಬ್ರವರಿಗೇ ಮುಂದಿನ ಹುಳ.

ಆದರೆ ಅವಳು ಬರೋದಾದರೆ ನಾನು ಬರಲ್ಲ. ತೂಕ ಹಾಕಿ ನೋಡು. ಒಂದು ತಟ್ಟೆಯಲ್ಲಿ ಅವಳು, ಒಂದು ತಟ್ಟೆಯಲ್ಲಿ ನಾನು.

ರೇವಮ್ಮ


ಕಬ್ಬಾಳು
7 ಡಿಸೆಂಬರ್ 2025

ಜಹೀದಾ,

ಆರು ವಾರ ಆಯ್ತು. ಮುನೇಶನ ಜೇಬು ಖಾಲಿ. "ಕಾಗದ ಕೊಟ್ಟಿಲ್ಲ ಕಣಕ್ಕೋ, ನಾನೇನು ನುಂಗ್‌ಬುಟ್ನಾ?" ಅಂತ ಅವನೇ ನನ್ನ ಮೇಲೆ ರೇಗ್ತಾನೆ.

ಮೊನ್ನೆ ಗುರುವಾರ ನಾನೇ ರಾಮನಗರಕ್ಕೆ ಬಂದಿದ್ದೆ. ನಿನಗೆ ಗೊತ್ತಿಲ್ಲ. ಮಾರ್ಕೆಟ್ಟಿನ ಎದುರಿನ ಟೀ ಅಂಗಡಿಯಲ್ಲಿ ನೀನೂ ಆ ಸ್ಕೂಟರಿನವಳೂ ಕೂತಿದ್ರಿ. ಅವಳು ಏನೋ ಅಂದಳು, ನೀನು ನಕ್ಕೆ. ಸೆರಗಲ್ಲಿ ಬಾಯಿ ಮುಚ್ಕೊಂಡು, ಭುಜ ಕುಲುಕಿಸಿಕೊಂಡು, ಕಣ್ಣಲ್ಲಿ ನೀರು ಬರೋ ಹಂಗೆ. ಆ ನಗು ನಾನು ಬರಿಸಿದ್ದು ಯಾವಾಗ ಅಂತ ಅಲ್ಲೇ ನಿಂತು ಯೋಚನೆ ಮಾಡಿದೆ. ನೆನಪಾಗಲಿಲ್ಲ.

ಗಂಟಲು ಬಿಟ್ಟು ಕೂಗಿದ್ದರೆ ಇಡೀ ಮಾರ್ಕೆಟ್ಟು ತಿರುಗಿ ನೋಡ್ತಿತ್ತು. ಕೂಗಲಿಲ್ಲ. ಕನಕಪುರದ ಬಸ್ಸು ಹತ್ತಿದೆ.

ತಕ್ಕಡಿ ಯಾವ ಕಡೆ ವಾಲ್ತು ಅಂತ ಗೊತ್ತಾಯ್ತು. ಸುಖವಾಗಿ ಹೋಗಿ ಬನ್ನಿ. ನನಗೂ ಇಲ್ಲಿ ಕೈತುಂಬಾ ಕೆಲಸ ಐತೆ.

ರೇವಮ್ಮ


ರಾಮನಗರ
10 ಜನವರಿ 2026

ರೇವಾ,

ಎರಡೂವರೆ ತಿಂಗಳು ಬೇಕೂ ಅಂತಲೇ ಬರೆಯಲಿಲ್ಲ. ನಿನ್ನ ಜೊತೆ ಜಗಳ ಆಡೋಕೆ ನನಗೆ ಗಂಟಲಿಲ್ಲ. ಒಂದು ಮಾತು ಬರೆದರೆ ನೀನು ನಾಲ್ಕು ಅಂಕದ ನಾಟಕ ಕಳಿಸ್ತೀಯ. ತಕ್ಕಡಿಯಂತೆ! ನಾನೇನು ನಿನ್ನ ಗೂಡಾ ತೂಗೋಕೆ? ಸಿಟ್ಟು ಬಂತು. ಒಂದಷ್ಟು ದಿನ ಬೇಯಲಿ ಅಂತ ಬಿಟ್ಟೆ.

ಟೀ ಅಂಗಡಿಯ ಸಂಗತಿ ಓದಿದ ಮೇಲೆ ಬರೆಯಬೇಕಿತ್ತು. ಆಗಲೂ ಬರೆಯಲಿಲ್ಲ. ಟಿಕೆಟ್ಟೇ ಮಾತಾಡಲಿ ಅಂದುಕೊಂಡೆ. ಅದು ನನ್ನ ತಪ್ಪು.

ಇದರ ಜೊತೆ ಇರೋ ಹಾಳೆ ನೋಡು. ಜನವರಿ ಹತ್ತೊಂಬತ್ತಕ್ಕೆ ಹೋಗೋದು, ಮೂವತ್ತಕ್ಕೆ ವಾಪಸ್ಸು. ಮೂರು ಹೆಸರು. ಎರಡನೇದು ನಿನ್ನದು. ನಿನ್ನ ಪಾಸ್‌ಪೋರ್ಟ್ ನಂಬರು ನಿನ್ನ ಮೊದಲನೇ ಕಾಗದದ ಹಿಂದೆ ನೀನೇ ಬರೆದಿದ್ದೆ. ಸಂಕ್ರಾಂತಿ ಆದ ಮೇಲೆ ಖಾಲಿ ಅಂದಿದ್ದೆಯಲ್ಲ, ನಿನ್ನ ಹುಳದ ಮನೆಯ ಬಿಡುವು ನೋಡಿಯೇ ದಿನ ಗೊತ್ತು ಮಾಡಿದ್ದು. ಭಾನು ಅಂಗಡಿಯಲ್ಲಿ ಆ ವಾರ ರಜ ಸಿಗಲ್ಲ ಅಂದಳು. "ಹಾಗಾದರೆ ನೀನು ಬಿಡು, ರೇವನ ದಿನ ಬದಲಾಗಲ್ಲ" ಅಂದೆ. ಹೇಗೋ ರಜ ಹಾಕಿದಳು.

ಗೊತ್ತಾಯ್ತಾ ತಕ್ಕಡಿ?

ಹುರಿಹಿಟ್ಟು ಮಾಡು. ಮೇಲಿನ ಮಂಚ ನಿನಗೇ.

ಜಹೀದಾ


ಕಬ್ಬಾಳು
12 ಜನವರಿ 2026

ಜಹೀದಾ,

ಈ ಸಲವೂ ಸಂಬೋಧನೆಗೆ ಬಿರುದು ಇಲ್ಲ. ಸಿಟ್ಟಿಗಲ್ಲ, ನಾಚಿಕೆಗೆ.

ಹುಳದ ಮನೆ ಖಾಲಿ ಇಲ್ಲ ಕಣೇ.

ಮುನ್ನೂರು ಮೊಟ್ಟೆಯ ಹುಳ, ಲಕ್ಷದ ಮೇಲೆ ಜೀವ, ತಂದುಬುಟ್ಟಿದ್ದೀನಿ. ಏಳನೇ ತಾರೀಖು ಮರಿಹುಳದ ಕೇಂದ್ರದಿಂದ ಬಂದವು, ಎರಡು ಸಲ ಪೊರೆ ಕಳಚಿ ಜ್ವರ ಎದ್ದ ಹುಳ. ನಿನ್ನೆಗೆ ಮೂರನೇ ಜ್ವರ ಎದ್ದವು. ಹದಿನೇಳಕ್ಕೆ ನಾಲ್ಕನೇ ಜ್ವರ ಏಳ್ತವೆ. ಆಮೇಲೆ ನಿನಗೇ ಗೊತ್ತು, ದೊಡ್ಡೂಟ. ಒಂದು ವಾರ ಹಗಲೂ ರಾತ್ರಿ ಸೊಪ್ಪು. ಹತ್ತೊಂಬತ್ತಕ್ಕೆ ನೀವು ವಿಮಾನ ಹತ್ತುವಾಗ ನನ್ನ ಮನೆಯಲ್ಲಿ ಮಳೆ ಹೊಯ್ದಂಗೆ ಸದ್ದು. ಹುಳ ಎಲೆ ತಿನ್ನೋ ಸದ್ದು.

ಯಾಕೆ ತಂದೆ ಅಂತ ಕೇಳು. ಇನ್ನೊಂದು ಬೆಳೆಗೆ ಅಂತ ಸೊಪ್ಪು ಇರಲಿಲ್ಲ. ಹಿಂದಲ ತೋಟದ ಸೊಪ್ಪು ಮಾರೋದು ಅಂತ ಇಟ್ಟಿದ್ದೆವು, ಈಗ ಅದನ್ನೇ ಕೊಯ್ತಿದ್ದೀನಿ. ನಮ್ಮೆಜಮಾನರು ಪ್ರಭುಲಿಂಗಪ್ಪ, "ಮನೆ ಒಣಗಲಿ ಬುಡೇ, ಎಲ್ಲೋ ಹೋಗ್ತೀನಿ ಅಂತಿದ್ದೆ" ಅಂದರು. "ಎಲ್ಲೂ ಹೋಗಲ್ಲ! ನನ್ನ ಹೆಸರಲ್ಲಿ ಯಾರೂ ಟಿಕೆಟ್ಟು ತೆಗೆದಿಲ್ಲ!" ಅಂತ ಅಬ್ಬರಿಸಿದೆ. ಬಿಡುವಿನ ಆ ದಿನಗಳು ಖಾಲಿ ಬಿದ್ದಿರೋದನ್ನ ನೋಡೋಕೆ ಆಗ್ತಿರಲಿಲ್ಲ ಕಣೇ. ಹೊರಗೆ ಬಾಗಿಲು ಹಾಕಿದ ಹುಳದ ಮನೆ, ಒಳಗೆ ನಾನು. ನೀನೂ ಅವಳೂ ಬಸ್ಸಲ್ಲಿ, ರೈಲಲ್ಲಿ. ಆ ದಿನಗಳಿಗೆ ಏನಾದರೂ ತುಂಬಬೇಕಿತ್ತು. ನನಗೂ ಪುರುಸೊತ್ತಿರಲಿಲ್ಲ ಅಂತ ನಾಳೆ ನಿನ್ನ ಮುಂದೆ ಹೇಳಬೇಕಿತ್ತು. ಹೊಟ್ಟೆಕಿಚ್ಚಿಗೆ ಹುಳ ಸಾಕಿದವಳು ಈ ತಾಲ್ಲೂಕಲ್ಲಿ ನಾನೊಬ್ಬಳೇ ಇರಬೇಕು.

ಟಿಕೆಟ್ಟನ್ನ ಎಷ್ಟು ಸಲ ಓದಿದೆನೋ. ನನ್ನ ಹೆಸರನ್ನ ಇಂಗ್ಲಿಷಲ್ಲಿ ಎಷ್ಟು ದೊಡ್ಡದಾಗಿ ಹಾಕಿದ್ದಾರೆ!

ಹುಳಕ್ಕೆ "ನಿಲ್ಲು" ಅಂದರೆ ನಿಲ್ಲಲ್ಲ. ಎಜಮಾನರಿಗೆ ಸೊಂಟ ಹಿಡಿದೈತೆ, ಹೊರೆ ಎತ್ತಂಗಿಲ್ಲ. ಹೋದ ವರ್ಷ ಎರಡು ದಿನ ಮದುವೆಗೆ ಹೋಗಿ ಬರೋ ಅಷ್ಟರಲ್ಲಿ ಸುಣ್ಣಕಟ್ಟು ರೋಗ ಬಂದು ಅರ್ಧ ಹುಳ ಬೆಳ್ಳಗೆ ಕಲ್ಲಾಗಿದ್ದವು, ನಿನಗೆ ನೆನಪಿರಬೇಕು. ಮುನ್ನೂರು ಮೊಟ್ಟೆಯ ಜೀವ ತಿಪ್ಪೆಗೆ ಸುರಿದು ಬರೋಕೆ ನನ್ನಿಂದ ಆಗಲ್ಲ.

ಬೈದು ಬರಿ. ಬರೆಯದೆ ಮಾತ್ರ ಇರಬೇಡ.

ರೇವ


ಚನ್ನಪಟ್ಟಣ
14 ಜನವರಿ 2026

ರೇವಮ್ಮ ಆಂಟಿಗೆ ನಮಸ್ಕಾರ.

ನಾನು ಭಾನುಪ್ರಿಯ. ನಿಮ್ಮ ಕಾಗದ ಜಹೀದಾ ಆಂಟಿ ನನಗೆ ಓದಲು ಕೊಡಲಿಲ್ಲ. ಆದರೆ ಓದಿದ ಮೇಲೆ ಹೋಗಿ ಬೇಸನ್ನಿನ ಮುಂದೆ ಕೂತರು, ಕೆಲಸದವರನ್ನು ಎಬ್ಬಿಸಿ ತಾವೇ ನೂಲು ಬಿಚ್ಚಿದರು. ಆಮೇಲೆ "ಹುಳ ತಂದಿದ್ದಾಳೆ" ಅಂದರು. ಅಷ್ಟೇ. ನಿಮಗೆ ಬರೆಯಿರಿ ಅಂದರೆ, "ಏನಂತ ಬರೆಯಲಿ? ಬಾ ಅಂತ ಬರೆದರೆ ಹುಳ ಸಾಯುತ್ತೆ, ಬೇಡ ಅಂತ ಬರೆದರೆ ಅವಳು ಸಾಯ್ತಾಳೆ" ಅಂತಾರೆ.

ಅದಕ್ಕೆ ನಾನು ಬರೆಯುತ್ತಿದ್ದೇನೆ. ನನ್ನ ತಾಯಿಯ ಮನೆ ಮಾಗಡಿಯ ಸೋಲೂರು. ನಾನು ಪಿಯುಸಿ ಮುಗಿಸುವವರೆಗೂ ನಮ್ಮ ಮನೆಯಲ್ಲಿ ಹುಳ ಇತ್ತು. ಸೊಪ್ಪು ಕೊಯ್ಯುವುದು, ಹಾಸಿಗೆ ಬದಲಿಸುವುದು, ಹಣ್ಣಾದ ಹುಳವನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವುದು, ಎಲ್ಲಾ ಬರುತ್ತದೆ. ರಜ ಹೇಗೂ ಹಾಕಿದ್ದೇನೆ. ಹದಿನೆಂಟಕ್ಕೆ ಕಬ್ಬಾಳಿಗೆ ಬರುತ್ತೇನೆ. ನೀವು ಅವರ ಜೊತೆ ಹೋಗಿ.

ನಿಮ್ಮ ನೋಟ್‌ಬುಕ್ಕಿಗೆ ಕೆಂಪು ಪೆನ್ನು ಹಚ್ಚಿದ್ದಕ್ಕೆ ಕ್ಷಮಿಸಿ. ಕೈಗೆ ಸಿಕ್ಕಿದ್ದು ಅದೊಂದೇ ಪೆನ್ನು.

ಇಂತಿ,
ಭಾನುಪ್ರಿಯ


ಕಬ್ಬಾಳು
16 ಜನವರಿ 2026

ಭಾನುಪ್ರಿಯಾ,

ಹುಳ ನಾಲ್ಕನೇ ಜ್ವರಕ್ಕೆ ಕೂತಿವೆ. ತಿನ್ನೋದು ಬಿಟ್ಟು ತಲೆ ಎತ್ತಿ ಅಲುಗಾಡದೆ ಕೂತಿವೆ. ಸೊಪ್ಪು ಹಾಕಂಗಿಲ್ಲ. ಅದಕ್ಕೇ ಬರೆಯೋಕೆ ಬಿಡುವು ಸಿಕ್ಕಿದೆ. ನಾಳೆ ಎದ್ದರೆ ನನ್ನ ಕೈಗೆ ಪೆನ್ನು ಬರಲ್ಲ.

ನೀನು ಬರಬೇಡ.

ದೊಡ್ಡ ಮಾತು ಆಡಿದ್ದೀಯ. ಅದನ್ನ ಒಪ್ಪಿಕೊಂಡೆ. ಆದರೆ ನಮ್ಮಪ್ಪನ ನಾಟಕದ ಕಂಪನಿಯಲ್ಲಿ ಒಂದು ಕಟ್ಟಳೆ ಇತ್ತು. ಬಣ್ಣ ಹಚ್ಚಿಕೊಂಡವನೇ ರಂಗಕ್ಕೆ ಹೋಗಬೇಕು. ಜ್ವರ ಬಂದರೂ ಸರಿ, ಮನೆಯಲ್ಲಿ ಸಾವಾದರೂ ಸರಿ, ಬಣ್ಣ ಹಚ್ಚಿದ ಮೇಲೆ ಇನ್ನೊಬ್ಬನ ಕೈಗೆ ಕಿರೀಟ ಕೊಡಂಗಿಲ್ಲ. ಈ ಹುಳಕ್ಕೆ ಬಣ್ಣ ಹಚ್ಚಿಕೊಂಡವಳು ನಾನು.

ಇದು ನಾಟಕದ ಮಾತಾಯ್ತು. ನಿಜದ ಮಾತು ಕೇಳು. ನೀನು ನನ್ನ ಮನೆಯಲ್ಲಿದ್ದು ಹುಳ ಹಾಳಾದರೆ ಅಲ್ಲಿ ಕೂತು ನಾನು ಉರೀತೀನಿ. ಹುಳ ಚೆನ್ನಾಗಿ ಬಂದರೆ ಇನ್ನೂ ಜಾಸ್ತಿ ಉರೀತೀನಿ. "ಭಾನು ಕೈಗುಣ" ಅಂತ ನಮ್ಮೆಜಮಾನರು ಒಂದು ಮಾತು ಅಂದರೆ ಸಾಕು, ಮೆಕಾಂಗಿನ ನೀರು ಪೂರ್ತಿ ಸುರಿದರೂ ಆರಲ್ಲ. ಹೊಟ್ಟೆಕಿಚ್ಚಿನವಳನ್ನ ಜೊತೆಗೆ ಕರಕೊಂಡು ಹೋದರೆ ಜಹೀದಾಗೆ ಆ ಊರೂ ಕಾಣಲ್ಲ, ಈ ಊರೂ ಕಾಣಲ್ಲ. ಅವಳು ನೋಡಿ ಬರಲಿ.

ಅದಕ್ಕೇ ನೀನು ಹೋಗ್ತೀಯ. ನಿನಗೆ ಇಂಗ್ಲಿಷು ಬತ್ತದೆ, ಗಡಿಯಲ್ಲಿ ವೀಸಾ ಹೆಂಗೆ ತುಂಬಬೇಕು ಅಂತ ಬತ್ತದೆ. ಜಹೀದಾ ಅನ್ನೋ ಪಾಠ ಮಾತ್ರ ನಿನಗೆ ಬರಲ್ಲ. ನೋಟ್‌ಬುಕ್ಕಲ್ಲಿ ನಾನು ಬರೆಯದೇ ಬಿಟ್ಟಿದ್ದು ಅದೊಂದೇ. ಯಾಕೆ ಬರೆಯಲಿ, ನಾನೇ ಇರ್ತೀನಲ್ಲ ಅಂದುಕೊಂಡಿದ್ದೆ. ಈಗ ಬರೆದುಕೋ.

ಪ್ರಯಾಣದಲ್ಲಿ ಅವಳು ನೀರು ಕುಡಿಯಲ್ಲ. ಟಾಯ್ಲೆಟ್ಟು ಹೆಂಗಿರುತ್ತೋ ಅನ್ನೋ ಭಯ. ಕುಡಿ ಅಂತ ಹೇಳಬೇಡ, ಹೇಳಿದರೆ ಹಟ. ನೀನು ಕುಡಿದು ಬಾಟಲು ಅವಳ ಕೈಗೆ ಕೊಡು, ಮಾತಾಡ್ತಾ ಮಾತಾಡ್ತಾ ಕುಡೀತಾಳೆ.

ಬಲಗೈ ಬೆರಳ ತುದಿಗೆ ಅವಳಿಗೆ ಬಿಸಿ ಗೊತ್ತಾಗಲ್ಲ. ಮೂವತ್ತು ವರ್ಷ ಕುದಿನೀರಲ್ಲಿ ಗೂಡಿನ ಎಳೆ ಹುಡುಕಿದ ಕೈ ಅದು. ಎಲ್ಲೇ ಟೀ ಕೊಟ್ಟರೂ ಲೋಟ ಮೊದಲು ನೀನು ಮುಟ್ಟು. ಸುಟ್ಟುಕೊಂಡರೂ ಅವಳು ಹೇಳಲ್ಲ.

ರೈಲು ಹೊರಟ ಸ್ವಲ್ಪ ಹೊತ್ತಿಗೆ ಅವರ ಯಜಮಾನರ ಕತೆ ತೆಗೀತಾಳೆ. ಮದುವೆಯಾದ ಹೊಸದರಲ್ಲಿ ಮೈಸೂರಿಗೆ ಕರಕೊಂಡು ಹೋಗಿ, ಅರಮನೆ ಬಾಗಿಲು ಹಾಕಿದ್ದಕ್ಕೆ ಹೊರಗಿನ ಗೋಡೆ ತೋರಿಸಿಕೊಂಡು ಬಂದಿದ್ದು. ನಾನು ನಲವತ್ತು ಸಲ ಕೇಳಿದ್ದೀನಿ. ನೀನು ಮೊದಲ ಸಲ ಕೇಳ್ತಿದ್ದೀಯ, ನಿನ್ನ ಪುಣ್ಯ. "ಗೋಡೆ ಎಷ್ಟು ಉದ್ದ ಇತ್ತು ಗೊತ್ತಾ" ಅಂತ ಹೇಳಿ ಸುಮ್ಮನಾಗ್ತಾಳೆ. ಆಗ ನೀನೂ ಸುಮ್ಮನಿರು. ಪಾಪ ಅನ್ನಬೇಡ. ಭುಜ ಮುಟ್ಟಬೇಡ. ಕಿಟಕಿ ಕಡೆ ನೋಡು. ಅವಳೇ ವಾಪಸ್ಸು ಬತ್ತಾಳೆ.

ಆ ನೂಲಿನ ಹೆಂಗಸಿನ ಜಗಲಿಯಲ್ಲಿ ಅವಳು ತಡೆಯೋಕಾಗದೆ ಮಡಕೆಗೆ ಕೈ ಹಾಕ್ತಾಳೆ. ಬಿಡು, ಹಾಕಲಿ. ಅವರಿಬ್ಬರೂ ಭಾಷೆ ಇಲ್ಲದೆ ಮಾತಾಡ್ತಾರೆ. ನೀನು ಇಂಗ್ಲಿಷು ತರಬೇಡ ಮಧ್ಯಕ್ಕೆ.

ಹುರಿಹಿಟ್ಟಿನ ಡಬ್ಬಿ, ಚಟ್ನಿಪುಡಿ ಮುನೇಶನ ಗಾಡಿಯಲ್ಲಿ ಕಳಿಸಿದ್ದೀನಿ. ಮೂರು ಜನಕ್ಕೆ ಮಾಡಿದ್ದು, ಇಬ್ಬರೇ ತಿನ್ನಿ.

ಇಷ್ಟನ್ನೂ ಬರೆಯೋಕೆ ನನ್ನ ಕೈ ಒಪ್ಪಲಿಲ್ಲ, ತಿಳಿದಿರಲಿ. ಒಂದೊಂದು ಸಾಲಿಗೂ ಪೆನ್ನು ಕೆಳಗಿಟ್ಟು ಎದ್ದು ಹೋಗಿ ಹುಳ ನೋಡಿ ಬಂದಿದ್ದೀನಿ. ನನ್ನ ಹತ್ತಿರ ಇದ್ದ ಆಸ್ತಿ ಇದೇ, ಈಗ ನಿನಗೂ ಗೊತ್ತಾಗಿ ಹೋಯ್ತು.

ಒಂದು ಬೇಡಿಕೆ. ಅಲ್ಲಿಂದ ನನಗೊಂದು ಫೋಟೋ ಕಳಿಸು, ಅವಳೊಬ್ಬಳದೇ. ಅದರಲ್ಲಿ ಅವಳು ನಗ್ತಿರಲಿ ಅನ್ನೋ ದೊಡ್ಡತನ ನನಗಿನ್ನೂ ಬಂದಿಲ್ಲ. ಒಸಿ ಸಪ್ಪಗಿರಲಿ. ಪಕ್ಕದಲ್ಲಿ ಯಾರೋ ಇರಬೇಕಿತ್ತು ಅನ್ನೋ ಹಂಗೆ. ಜಾಸ್ತಿ ಹೊತ್ತು ಬೇಡ ಕಣಮ್ಮ, ಒಂದು ಫೋಟೋ ತೆಗೆಯೋ ಅಷ್ಟು ಹೊತ್ತು.

ಆಮೇಲೆ ನಗಿಸು.

ರೇವಮ್ಮ